ವೃತ್ತಿಜನ್ಯ ಕೈ ಇಸುಬು

ವೃತ್ತಿಜನ್ಯ ಕೈ ಇಸುಬು ಎಂಬುದು ದುಡಿಯುವ ಸ್ಥಳದಲ್ಲಿ ಬಳಸುವ ವಸ್ತುಗಳ ಸಂಪರ್ಕದಿಂದ ಕೈಗಳ ಚರ್ಮದಲ್ಲಿ ಉಂಟಾಗುವ ಉರಿಯೂತ. ಇದು ಅಂಟುರೋಗವಲ್ಲ. ಆಸ್ಪತ್ರೆಯ ಆಯಾಗಳು, ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ಶೌಚಾಲಯ ಶುಚಿಗೊಳಿಸುವವರು ಹಾಗೂ ಮನೆಗೆಲಸದವರಲ್ಲಿ ಇದು ಹೆಚ್ಚು. ಆಡುಮಾತಿನಲ್ಲಿ ಇಸುಬು, ಗಜಕರ್ಣ, ಹುಳುಕಡ್ಡಿ ಎಂಬ ಹೆಸರುಗಳು ಒಂದರ ಬದಲು ಇನ್ನೊಂದು ಬಳಕೆಯಾಗುವುದುಂಟು. ಆದರೆ ಹುಳುಕಡ್ಡಿಯು ಶಿಲೀಂಧ್ರದಿಂದ ಬರುವ ಬೇರೆಯೇ ರೋಗ. ಅದರ ಚಿಕಿತ್ಸೆಯೂ ಬೇರೆ.

ಕಾರಣಗಳು

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿದ್ದು ಅದರ ಪಿಎಚ್ ಮೌಲ್ಯ ಸುಮಾರು 5 ಇರುತ್ತದೆ. ಸಾಮಾನ್ಯ ಸಾಬೂನಿನದು 9ರಿಂದ 10. ಸಾಬೂನು ಹಾಗೂ ಮಾರ್ಜಕಗಳು ಜಿಡ್ಡಿನೊಡನೆ ಚರ್ಮದ ಹೊರಪದರದ ಕೊಬ್ಬನ್ನೂ ತೊಳೆದುಹಾಕುತ್ತವೆ. ಆಗ ಒಳಗಿನ ತೇವ ಆರಿ ಚರ್ಮ ಬಿರಿಯುತ್ತದೆ. ಬ್ಲೀಚಿಂಗ್ ಪುಡಿ, ಆಸಿಡ್, ಫಿನಾಯಿಲ್ ಮೊದಲಾದವು ಆ ಬಿರುಕುಗಳ ಮೂಲಕ ಒಳಸೇರುತ್ತವೆ. ಹಿಂದೆ ಪಾತ್ರೆ ಬೆಳಗುತ್ತಿದ್ದ ಬೂದಿಯೂ ಕ್ಷಾರೀಯವೇ ಆದುದರಿಂದ ಹಳೆಯ ವಿಧಾನ ನಿರಪಾಯಕಾರಿಯೆಂದು ಭಾವಿಸಬೇಕಿಲ್ಲ. ಬರಿಯ ನೀರೂ ಹಾನಿಮಾಡಬಲ್ಲದು. ದಿನಕ್ಕೆ 2 ಗಂಟೆಗೂ ಹೆಚ್ಚು ಕಾಲ ಕೈ ಒದ್ದೆಯಾಗಿರುವ ದುಡಿಮೆಯನ್ನು ತಜ್ಞರು ‘ಒದ್ದೆ ಕೆಲಸ’ವೆಂದು ವರ್ಗೀಕರಿಸುತ್ತಾರೆ.

ಈ ಬಗೆಯ ಕೆರಳಿಕೆಯ ಇಸುಬು ಯಾರಿಗಾದರೂ ಬರಬಹುದು. ಅಲರ್ಜಿಯ ಇಸುಬು ಹಾಗಲ್ಲ. ನಿರ್ದಿಷ್ಟ ವಸ್ತುವೊಂದು ಒಗ್ಗದವರಿಗೆ ಮಾತ್ರ ಅದು ಬರುತ್ತದೆ, ಒಮ್ಮೆ ಬಂದರೆ ಆ ಒಗ್ಗದಿಕೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ದ್ರವ ಮಾರ್ಜಕಗಳು ಕೆಡದಂತೆ ಬೆರೆಸುವ ಮೀಥೈಲ್‌ಐಸೋಥಯಾಜೋಲಿನೋನ್, ರಬ್ಬರ್ ಕೈಗವಸಿನ ತಯಾರಿಕೆಯಲ್ಲಿ ಬಳಸುವ ಥೈಯುರಮ್ ಇದಕ್ಕೆ ಉದಾಹರಣೆಗಳು. ರಕ್ಷಣೆಗೆಂದು ತೊಟ್ಟ ಗವಸೇ ರೋಗಕ್ಕೆ ಕಾರಣವಾಗುವುದು ಹೀಗೆ.

ರೋಗನಿರ್ಣಯ

ಬೆರಳ ಸಂದುಗಳಲ್ಲಿ, ಉಂಗುರದ ಅಡಿಯಲ್ಲಿ ಕೆಂಪಾಗಿ ತುರಿಕೆ ಆರಂಭವಾಗುವುದು ಸಾಮಾನ್ಯ. ರಜೆಯಲ್ಲಿ ತಗ್ಗಿ, ಕೆಲಸಕ್ಕೆ ಮರಳಿದೊಡನೆ ಮರುಕಳಿಸುವುದು ಮುಖ್ಯ ಸುಳಿವು. ಒಂದೇ ಕೈಯಲ್ಲಿದ್ದರೆ ಶಿಲೀಂಧ್ರ ಸೋಂಕನ್ನೂ ಶಂಕಿಸಬೇಕು. ಅಲರ್ಜಿಯನ್ನು ಗುರುತಿಸಲು ಪ್ಯಾಚ್ ಪರೀಕ್ಷೆಯಿದೆ: ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಪರಿಶೀಲಿಸುತ್ತಾರೆ.

ಚಿಕಿತ್ಸೆ

ಕಾರಣವನ್ನು ದೂರಮಾಡದೆ ಕೇವಲ ಮುಲಾಮು ಹಚ್ಚುವುದರಿಂದ ಶಾಶ್ವತ ಪ್ರಯೋಜನವಿಲ್ಲ. ಪ್ರತಿ ಸಲ ಕೈ ತೊಳೆದ ಮೇಲೆ ಮತ್ತು ಮಲಗುವ ಮುನ್ನ ಸುವಾಸನೆಯಿಲ್ಲದ ಜಿಡ್ಡಿನ ಮುಲಾಮನ್ನು ಧಾರಾಳವಾಗಿ ಹಚ್ಚಬೇಕು. ಇದಕ್ಕೆ ದುಬಾರಿ ಲೇಪನ ಅನಿವಾರ್ಯವಲ್ಲ. ಬಿಳಿ ಪೆಟ್ರೋಲಿಯಂ ಜೆಲ್ಲಿಯೇ ಸಾಕಾಗುತ್ತದೆ.

ಉರಿಯೂತ ತಗ್ಗಿಸಲು ವೈದ್ಯರು ಸ್ಟೀರಾಯ್ಡ್ ಮುಲಾಮುಗಳನ್ನು ಸೀಮಿತ ಅವಧಿಗೆ ಸೂಚಿಸುತ್ತಾರೆ. ವಯಸ್ಕರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದ ಮುಲಾಮು, ಅಂದರೆ ಸುಮಾರು 0.5 ಗ್ರಾಂ, ಒಂದು ಕೈಯ ಎರಡೂ ಬದಿಗೆ ಸಾಲುತ್ತದೆ. ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ಪಡೆಯುವ, ಸ್ಟೀರಾಯ್ಡ್ ಜೊತೆಗೆ ಶಿಲೀಂಧ್ರನಾಶಕ ಹಾಗೂ ಪ್ರತಿಜೀವಕ ಬೆರೆಸಿದ ಟ್ಯೂಬುಗಳು ಬೇರೆಯ ಮಾತು. ಅವು ತುರಿಕೆಯನ್ನು ಎರಡು ದಿನದಲ್ಲಿ ಅಡಗಿಸುವುದರಿಂದಲೇ ಜನಪ್ರಿಯವಾಗಿವೆ; ದೀರ್ಘಕಾಲ ಬಳಸಿದರೆ ಚರ್ಮ ತೆಳುವಾಗುತ್ತದೆ, ನಿಜವಾದ ರೋಗ ಮರೆಯಾಗುತ್ತದೆ. ನೀರೊಸರುವ ಹುಣ್ಣುಗಳಿಗೆ ಬಹಳ ತೆಳುವಾದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಲ್ಲಿ ಕೈ ಅದ್ದುವ ಕ್ರಮವಿದೆ. ಕೀವು, ಊತ ಅಥವಾ ಜ್ವರವಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹಟಮಾರಿ ಪ್ರಕರಣಗಳಲ್ಲಿ ಟ್ಯಾಕ್ರೋಲಿಮಸ್, ಬೆಳಕಿನ ಚಿಕಿತ್ಸೆ, ಅಲಿಟ್ರೆಟಿನಾಯಿನ್ ಮಾತ್ರೆಗಳುಂಟು. ಈ ಮಾತ್ರೆ ಭ್ರೂಣಕ್ಕೆ ಹಾನಿಕರವಾದ್ದರಿಂದ ಗರ್ಭಿಣಿಯರಿಗೆ ನಿಷಿದ್ಧ.

ಕಣ್ಣಿಗೆ ವಾಸಿಯಾದಂತೆ ಕಂಡರೂ ಚರ್ಮದ ರಕ್ಷಣಾಶಕ್ತಿ ಪೂರ್ಣ ಮರಳಲು ತಿಂಗಳುಗಳೇ ಬೇಕು. ಈ ಅವಧಿಯಲ್ಲಿ ಬರಿಗೈಯಲ್ಲಿ ಕೆಲಸಕ್ಕಿಳಿದವರಲ್ಲಿ ರೋಗ ಬೇಗ ಮರುಕಳಿಸುತ್ತದೆ.

ತಡೆಗಟ್ಟುವಿಕೆ

ಕೈಗವಸು ಒಣಗಿದ್ದು, ತೂತಿಲ್ಲದೆ, ಅಳತೆಗೆ ಸರಿಹೊಂದಬೇಕು. ಅದರೊಳಗೆ ತೆಳುವಾದ ಹತ್ತಿಯ ಗವಸು ಧರಿಸಿದರೆ ಬೆವರು ಹೀರಲ್ಪಡುತ್ತದೆ. ಒಳಗೆ ನೀರು ನುಗ್ಗಿದ ಗವಸು ಬರಿಗೈಗಿಂತ ಕೆಟ್ಟದ್ದು: ರಾಸಾಯನಿಕ ಚರ್ಮಕ್ಕೆ ಒತ್ತಿಕೊಂಡೇ ಉಳಿಯುತ್ತದೆ. ದ್ರಾವಣವನ್ನು ಅಂದಾಜಿನಲ್ಲಿ ಸುರಿಯದೆ ಅಳೆದು ಬೆರೆಸಬೇಕು. ಬ್ಲೀಚನ್ನು ಆಸಿಡ್‌ನೊಂದಿಗೆ ಎಂದಿಗೂ ಸೇರಿಸಬಾರದು. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಕಾನೂನು

ಭಾರತದ 1923ರ ನೌಕರರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯು ರಾಸಾಯನಿಕಗಳಿಂದ ಬರುವ ಚರ್ಮರೋಗಗಳನ್ನು ವೃತ್ತಿಜನ್ಯ ರೋಗಗಳೆಂದು ಪರಿಗಣಿಸಿತು. ಆದರೆ ಅದೇ ಮಾಲೀಕನ ಬಳಿ ಸತತ 6 ತಿಂಗಳು ದುಡಿದಿರಬೇಕೆಂಬ ಷರತ್ತು ಅದರಲ್ಲಿತ್ತು. ಗುತ್ತಿಗೆದಾರರು ಬದಲಾಗುತ್ತಲೇ ಇರುವ ಶುಚಿತ್ವ ಕೆಲಸದಲ್ಲಿ ಇಂಥದನ್ನು ರುಜುವಾತುಪಡಿಸುವುದು ಸುಲಭವಲ್ಲ. ಆದಕಾರಣ ತುರಿಕೆ ಮೊದಲು ಕಾಣಿಸಿಕೊಂಡ ದಿನಾಂಕ, ಬಳಸಿದ ರಾಸಾಯನಿಕದ ಹೆಸರು ಹಾಗೂ ವೈದ್ಯರ ಚೀಟಿಗಳನ್ನು ಕಾರ್ಮಿಕರು ಆರಂಭದಿಂದಲೇ ಜೋಪಾನಮಾಡಿಕೊಳ್ಳುವುದು ಅಗತ್ಯ.