ಶಿವಗಂಗೆಯ ಏರುಹಾದಿ

ಪೀಣ್ಯದ ಕಾರ್ಖಾನೆಗಳ ಸದ್ದನ್ನು ಹಿಂದಿಕ್ಕಿ ತುಮಕೂರು ರಸ್ತೆಯಲ್ಲಿ ಸಾಗುವವರಿಗೆ, ನೆಲಮಂಗಲ ದಾಟಿದ ಮೇಲೆ ಎಡಗಡೆಯ ದಿಗಂತದಲ್ಲಿ ಬೋಳುಬಂಡೆಯ ಬೆಟ್ಟವೊಂದು ತಲೆಯೆತ್ತಿ ನಿಂತಿರುವುದು ಕಾಣುತ್ತದೆ. ಅದೇ ಶಿವಗಂಗೆ. ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ಬೆಟ್ಟದ ಬುಡ ದೂರವಿಲ್ಲ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಯಾತ್ರೆ ಇದು.

ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದ ಈ ಬೆಟ್ಟ ಪೂರ್ವದಿಂದ ನಂದಿಯಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ತೋರುವುದೆಂದು ಹಿರಿಯರ ಮಾತು. ಭೂವಿಜ್ಞಾನಿಗಳ ಕಣ್ಣಿಗೆ ಇದು ಕನಕಪುರ, ರಾಮನಗರ, ಮಾಗಡಿಗಳ ಬೆಟ್ಟಸಾಲಿನ ಬಂಧು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿ ಹೆಪ್ಪುಗಟ್ಟಿದ ಗ್ರಾನೈಟು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯೇ ಈ ಶಿಲೆಗೂ ಹೆಸರಾಗಿದೆ.

ಮೊದಲರ್ಧದ ಹಾದಿ ಸೌಮ್ಯವಾದುದು. ಗುಹಾಲಯದಲ್ಲಿ ನೆಲೆಸಿದ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕೈಮುಗಿಯಬಹುದು. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುವುದೆಂಬ ಪ್ರತೀತಿ ಇಲ್ಲಿಯದು. ಮೇಲೇರಿದರೆ ಒಳಕಲ್ಲು ತೀರ್ಥ. ಬಂಡೆಯ ಕಿರಿದಾದ ಕುಳಿಯೊಳಗೆ ತೋಳು ಚಾಚಿದವರಿಗೆ ನೀರು ಸೋಕಿದರೆ ಪುಣ್ಯವೆಂದು ಭಾವಿಸುತ್ತಾರೆ. ಮಕ್ಕಳಿಗಂತೂ ಇದು ಆಟವೇ ಸರಿ.

ಒಳಕಲ್ಲು ತೀರ್ಥದ ಆಚೆಗೆ ಬೆಟ್ಟ ತನ್ನ ನಿಜರೂಪವನ್ನು ತೋರುತ್ತದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ನೆಟ್ಟಗೆ ಏರುತ್ತವೆ. ಆಸರೆಗೆ ಇರುವುದು ಕಬ್ಬಿಣದ ಕಂಬಿ. ಮನೆಮಂದಿಯಲ್ಲಿ ವಾದ ಹುಟ್ಟುವುದೂ ಇಲ್ಲಿಯೇ. ನಮ್ಮೊಡನೆ ಬಂದಿದ್ದ ತಾಯಿ ನೆರಳಿನಲ್ಲಿ ಕುಳಿತು, “ನನ್ನ ಯಾತ್ರೆ ಇಲ್ಲಿಗೆ ಮುಗಿಯಿತಪ್ಪಾ, ನೀವು ಹೋಗಿಬನ್ನಿ” ಎಂದರು. “ಅಜ್ಜಿ ಬಾರದಿದ್ದರೆ ನಾನೂ ಒಲ್ಲೆ” ಎಂದು ಮಗಳು ಅವರ ಪಕ್ಕದಲ್ಲೇ ಕುಳಿತಳು. ಮಗನಿಗೆ ಶಿಖರವೇ ಬೇಕು. ಕೊನೆಗೆ ನನ್ನಾಕೆ ಅತ್ತೆಯೊಡನೆಯೂ ಮಗಳೊಡನೆಯೂ ಉಳಿದಳು. ಮಗನನ್ನು ಕರೆದುಕೊಂಡು ನಾನು ಹತ್ತಿದೆ. ಬೆಟ್ಟ ಹತ್ತುವಾಗ ಎಲ್ಲರೂ ತುದಿ ಮುಟ್ಟಲೇಬೇಕೆಂಬ ಹಟ ಸಲ್ಲದು. ಇಳಿಯುವಾಗ ಮೊಣಕಾಲಿಗೆ ಬೀಳುವ ಭಾರವನ್ನು ಹತ್ತುವಾಗಲೇ ಲೆಕ್ಕಹಾಕಬೇಕು. ಬಿಸಿಲೇರಿದರೆ ಬಂಡೆ ಕಾದ ಹೆಂಚು. ಮಳೆ ಬಿದ್ದರೆ ಜಾರುವ ಗಾಜು. ಬುತ್ತಿಯ ಗಂಟು ಕಂಡರೆ ಕೋತಿಗಳು ಬಿಡುವುದಿಲ್ಲ.

ಮೇಲೆ ಕಲ್ಲಿನ ನಂದಿ ಬಯಲುಸೀಮೆಯನ್ನು ನೋಡುತ್ತಾ ಕುಳಿತಿದ್ದಾನೆ. ಇನ್ನೊಂದೆಡೆ ಪ್ರಪಾತ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಇಲ್ಲಿಂದ ಧುಮುಕಿದಳೆಂದು ಜನ ಹೇಳುತ್ತಾರೆ. “ಆಕೆ ಯಾಕಪ್ಪಾ ಹಾರಿದಳು?” ಎಂದು ಮಗ ಕೇಳಿದ. ಶ್ರವಣಬೆಳಗೊಳದ ಶಾಸನ ತಿಳಿಸುವುದು ಇಷ್ಟೇ: 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ದೇಹಬಿಟ್ಟಳು. ಧುಮುಕಿದ ಮಾತು ಅದರಲ್ಲಿಲ್ಲ. ಆಕೆಯನ್ನು ಕುರಿತು ಬೃಹತ್ ಕಾದಂಬರಿ ಬರೆದ ಸಿ. ಕೆ. ನಾಗರಾಜರಾಯರೂ ಆತ್ಮಹತ್ಯೆಯ ಕಥೆಯನ್ನು ಒಪ್ಪಲಿಲ್ಲ. ನಾಟ್ಯದಲ್ಲಿಯೂ ಗಾನದಲ್ಲಿಯೂ ನಿಪುಣೆಯಾಗಿ, 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿಯನ್ನು ಕಟ್ಟಿಸಿದ ರಾಣಿ ಆಕೆ. ಅವಳ ಬಾಳನ್ನು ಒಂದು ಪ್ರಪಾತದ ಹೆಸರಿಗೆ ಇಳಿಸುವುದು ನ್ಯಾಯವೆ? ಮಗನಿಗೆ ನಾನು ಬಸದಿಯ ಕಥೆಯನ್ನೇ ಹೇಳಿದೆ. ಅಂಚಿನ ಬಳಿ ಮಾತ್ರ ಅವನ ಕೈಯನ್ನು ಬಿಡಲಿಲ್ಲ.

ಈ ಬೆಟ್ಟಕ್ಕೂ ಬೆಂಗಳೂರಿಗೂ ಇನ್ನೊಂದು ನಂಟುಂಟು. ಕುಮುದ್ವತಿ ನದಿಯ ಹುಟ್ಟು ಇಲ್ಲಿಯೇ. ಅದು ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅಲ್ಲಿ 1933ರಲ್ಲಿ ಸಿದ್ಧವಾದ ಜಲಾಶಯವೇ, 1974ರಲ್ಲಿ ಕಾವೇರಿಯ ನೀರು ಬರುವ ಮುನ್ನ, ನಗರದ ಬಾಯಾರಿಕೆಯನ್ನು ತಣಿಸುತ್ತಿದ್ದುದು. ಕೆರೆಗಳೂ ಕಾಲುವೆಗಳೂ ಸೊರಗಿದಂತೆ ನದಿಯ ಹರಿವೂ ಸೊರಗಿತು. ಕೆಳಗಿಳಿದು ತಾಯಿಗೆ ಇದನ್ನು ಹೇಳಿದಾಗ, “ಹಾಗಾದರೆ ನಾವು ಚಿಕ್ಕಂದಿನಲ್ಲಿ ಮಲ್ಲೇಶ್ವರದ ನಲ್ಲಿಯಲ್ಲಿ ಹಿಡಿದದ್ದು ಈ ಬೆಟ್ಟದ ನೀರೇ ಏನು?” ಎಂದು ಅವರು ಬಂಡೆಯನ್ನು ಮತ್ತೊಮ್ಮೆ ತಲೆಯೆತ್ತಿ ನೋಡಿದರು.