ಅಲ್ಪವರಮಾನದವರ ಉಳಿತಾಯ ಮತ್ತು ಜೋಡಿಧನ

ವರಮಾನವೆಂಬುದು ಬೇರೆ, ಆಸ್ತಿಯೆಂಬುದು ಬೇರೆ. ಮೊದಲನೆಯದು ಇಂದಿನ ಹೊಟ್ಟೆಗಾದರೆ ಎರಡನೆಯದು ನಾಳಿನ ಭರವಸೆಗೆ. ಸರ್ಕಾರಗಳು ಬಡವರಿಗೆ ಕೊಡುವ ನೆರವು ಬಹುಮಟ್ಟಿಗೆ ಮೊದಲನೆಯದಕ್ಕೆ ಸೇರಿದುದು. ಈ ಭೇದವನ್ನು ವಿಶದಪಡಿಸಿದವರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಮೈಕೆಲ್ ಶೆರಾಡೆನ್ ಅವರು ಪ್ರಮುಖರು. ಮನೆಸಾಲದ ಬಡ್ಡಿಗೆ ತೆರಿಗೆಯಲ್ಲಿ ವಿನಾಯಿತಿಯಿತ್ತು ಉಳ್ಳವರ ಆಸ್ತಿಯನ್ನು ಬೆಳೆಸುವ ಸರ್ಕಾರವೇ, ಬಡವನು ಅಷ್ಟಿಷ್ಟು ಕೂಡಿಟ್ಟರೆ ಆತನ ಸಹಾಯಧನವನ್ನು ನಿಲ್ಲಿಸುವುದು ಯುಕ್ತವಲ್ಲವೆಂದು 1991ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು.

ಅವರು ಸೂಚಿಸಿದ ಮಾರ್ಗವೇ ವೈಯಕ್ತಿಕ ಅಭಿವೃದ್ಧಿ ಖಾತೆ. ಅದರ ಕ್ರಮವು ಹೀಗಿದೆ: ದುಡಿಮೆಗಾರನು ಬ್ಯಾಂಕಿನಲ್ಲಿ ತಿಂಗಳು ತಿಂಗಳೂ ಸ್ವಲ್ಪ ಹಣವನ್ನು ಕಟ್ಟುವನು. ಮನೆ, ಉಚ್ಚ ಶಿಕ್ಷಣ, ಸಣ್ಣ ಉದ್ಯಮ ಮುಂತಾದ ಗೊತ್ತಾದ ಉದ್ದೇಶಗಳಿಗೆ ಅದನ್ನು ತೆಗೆದಾಗ, ಪ್ರತಿ ಡಾಲರಿಗೆ ಒಂದೋ ಎರಡೋ, ಕೆಲವೆಡೆ ಇನ್ನೂ ಹೆಚ್ಚೋ ಡಾಲರುಗಳನ್ನು ಸರ್ಕಾರವಾಗಲಿ ದಾನಸಂಸ್ಥೆಗಳಾಗಲಿ ಸೇರಿಸುವುವು. ಇದನ್ನು ಇಲ್ಲಿ ಜೋಡಿಧನವೆಂದು ಕರೆಯೋಣ. ಬೇರೆ ವೆಚ್ಚಕ್ಕೆ ತೆಗೆದರೆ ತಾನು ಕಟ್ಟಿದ್ದು ಮಾತ್ರ ದೊರೆಯುವುದು. ಇದಕ್ಕಾಗಿ 1998ರಲ್ಲಿ ಅಮೆರಿಕದಲ್ಲಿ ಕಾನೂನೊಂದು ಆಯಿತು. ಆದರೆ 2017ರಿಂದ ಅದಕ್ಕೆ ಹೊಸದಾಗಿ ಕೇಂದ್ರದ ಹಣವು ಮಂಜೂರಾಗಲಿಲ್ಲ.

ಉಳಿಸಲು ಬಡವನಲ್ಲಿ ಏನಿದೆ ಎಂಬ ಪ್ರಶ್ನೆಯು ಸಹಜವಾದುದೇ. 1997ರಲ್ಲಿ ಆರಂಭವಾಗಿ 14 ಕೇಂದ್ರಗಳಲ್ಲಿ ನಡೆದ ಪ್ರಯೋಗದಲ್ಲಿ 2,300ಕ್ಕೂ ಹೆಚ್ಚು ಜನರು ಸೇರಿದ್ದರು. ಅವರ ಉಳಿತಾಯವು ತಿಂಗಳಿಗೆ ಸರಾಸರಿ 20 ಡಾಲರಿಗೂ ಕಡಮೆ; ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಒಟ್ಟು 100 ಡಾಲರೂ ಉಳಿಯಲಿಲ್ಲ. ಆದರೂ ವರಮಾನದಲ್ಲಿ ಉಳಿಸಿದ ಪಾಲನ್ನು ನೋಡಿದರೆ, ಹೆಚ್ಚು ಬಡವರಾದವರೇ ಮುಂದಿದ್ದರು.

ಒಕ್ಲಹೋಮಾ ಪ್ರಾಂತದ ಟಲ್ಸಾ ನಗರದ ಪರೀಕ್ಷೆಯು ಇನ್ನೂ ಬೋಧಪ್ರದವಾದುದು. ಅಲ್ಲಿ ಸುಮಾರು 1,100 ಜನರನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ ಒಂದಕ್ಕೆ ಮಾತ್ರ ಖಾತೆಯನ್ನು ಕೊಟ್ಟರು. ನಾಲ್ಕು ವರ್ಷಗಳ ತರುವಾಯ, ಮೊದಲು ಬಾಡಿಗೆಗಿದ್ದವರಲ್ಲಿ ಖಾತೆಯುಳ್ಳವರೇ ಹೆಚ್ಚಾಗಿ ಮನೆಗಳನ್ನು ಕೊಂಡಿದ್ದರು. ಹತ್ತು ವರ್ಷಗಳ ಹೊತ್ತಿಗೆ ಉಳಿದವರೂ ಅವರನ್ನು ಸರಿಗಟ್ಟಿದ್ದರು. ಅಂದರೆ, ಜೋಡಿಧನವು ಮನೆಯ ಕೊಳ್ಳುವಿಕೆಯನ್ನು ತ್ವರೆಗೊಳಿಸಿತೇ ಹೊರತು ಶಾಶ್ವತವಾದ ಅಂತರವನ್ನು ಉಂಟುಮಾಡಲಿಲ್ಲ.

ಭಾರತದಲ್ಲಿ 2019ರಲ್ಲಿ ಮೊದಲಾದ ಶ್ರಮಯೋಗಿ ಮಾನಧನ ಯೋಜನೆಯಲ್ಲಿಯೂ, ಕಾರ್ಮಿಕನು ವಯಸ್ಸಿಗನುಸಾರ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಸರ್ಕಾರವು ಅಷ್ಟನ್ನೇ ಸೇರಿಸುವ ಏರ್ಪಾಡಿದೆ. ಆದರೆ ಅದರ ಫಲವು 60 ವರ್ಷ ತುಂಬಿದ ಮೇಲೆ ಬರುವ 3,000 ರೂಪಾಯಿಗಳ ಮಾಸಾಶನ. ನಡುವಯಸ್ಸಿನಲ್ಲಿ ಮನೆಗಾಗಲಿ ಕಸುಬಿಗಾಗಲಿ ಒದಗುವ ಮೂಲಧನವಲ್ಲ.

ಹನಿಗೂಡಿದರೆ ಹಳ್ಳವೆಂಬುದು ನಿಜವೇ. ಜೋಡಿಧನವು ಒಂದು ಹನಿಯನ್ನು ಎರಡಾಗಿಸಬಲ್ಲುದು. ಆ ಮೊದಲ ಹನಿಯು ಮಾತ್ರ ಕೂಲಿಯಿಂದಲೇ ಉಳಿಯಬೇಕು.