ನಿಮಗಿದು ಗೊತ್ತೇ? ಎಳ್ಳು ಹುರಿಯುವ ಮೊದಲೇ ರಾಜ್ಯೋತ್ಸವ!

ನಮ್ಮ ರಾಜ್ಯ ಹುಟ್ಟಿದ್ದು 01-11-1956. ಈ ತಾರೀಖಿರುವ ಸಿಎಸ್‌ವಿ ಫೈಲನ್ನು ಅಮೆರಿಕದ ಸೆಟಿಂಗ್ ಇರುವ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ. ಎಕ್ಸೆಲ್ ಅದನ್ನು ಜನವರಿ 11 ಎಂದು ಓದುತ್ತದೆ, ಅಲ್ಲಿ ತಿಂಗಳೇ ಮೊದಲಲ್ಲವೇ? ಎಚ್ಚರಿಕೆಯಿಲ್ಲ, ಕೆಂಪು ಗುರುತೂ ಇಲ್ಲ.

15-08-1947 ಮಾತ್ರ ಬಚಾವ್! ಹದಿನೈದನೇ ತಿಂಗಳು ಎಲ್ಲಿಂದ ತರುವುದು? ಎಕ್ಸೆಲ್ ಅದನ್ನು ಬರೀ ಅಕ್ಷರವೆಂದು ಬಿಟ್ಟುಬಿಡುತ್ತದೆ.

ಅಕ್ಷರ ಸೆಲ್ಲಿನ ಎಡಕ್ಕೆ, ತಾರೀಖು ಬಲಕ್ಕೆ ಕೂರುವುದು ರೂಢಿ. ಒಂದೇ ಕಾಲಂನಲ್ಲಿ ಎರಡೂ ಕಂಡರೆ ಎಲ್ಲರೂ ಎಡಗಡೆಯವನ್ನು ತಿದ್ದಲು ಹೊರಡುತ್ತಾರೆ. ಕೆಟ್ಟಿರುವುದು ಬಲಕ್ಕೆ ನೀಟಾಗಿ ಕೂತವು!

ಹೀಗೆ ಸದ್ದಿಲ್ಲದೆ ಅದಲುಬದಲಾಗಬಲ್ಲ ದಿನಗಳು ವರ್ಷಕ್ಕೆ 132. ದಿನ, ತಿಂಗಳು ಎರಡೂ 12ರೊಳಗಿರುವ ತಾರೀಖುಗಳು 144; ಅದರಲ್ಲಿ 1-1, 2-2ರಂಥ 12ಕ್ಕೆ ತಿರುಗಿಸಿದರೂ ತೊಂದರೆಯಿಲ್ಲ.

ಎಕ್ಸೆಲ್ ಒಳಗೆ ತಾರೀಖೆಂಬುದೇ ಇಲ್ಲ, ಇರುವುದು ದಿನಗಳ ಎಣಿಕೆ. 1900ರ ಜನವರಿ 1 ಅದಕ್ಕೆ 1. ನಮ್ಮ ರಾಜ್ಯೋತ್ಸವ 20760. ತಪ್ಪಾಗಿ ಓದಿದಾಗ ಸೆಲ್ಲಿಗೆ ಬಿದ್ದದ್ದು 20465. ಆಮೇಲೆ ಫಾರ್ಮ್ಯಾಟ್ ಎಷ್ಟು ಬದಲಿಸಿದರೂ ವೇಷ ಬದಲಾದೀತು, ಸಂಖ್ಯೆ ಅದೇ. ಹಾಗಾಗಿ ಫೈಲಿನ ಮೇಲೆ ಡಬಲ್ ಕ್ಲಿಕ್ ಬೇಡ. ಡೇಟಾ ಮೆನುವಿನಿಂದ ಒಳಗೆ ತನ್ನಿ, ತಾರೀಖಿನ ಕಾಲಂಗೆ 'ಯೂಸಿಂಗ್ ಲೊಕೇಲ್' ಆರಿಸಿ 'ಇಂಗ್ಲಿಷ್ (ಇಂಡಿಯಾ)' ಎನ್ನಿ. ಒಂದು ನಿಮಿಷದ ಕೆಲಸ.

ಎಕ್ಸೆಲ್ ಲೆಕ್ಕದಲ್ಲಿ 1900ರ ಫೆಬ್ರವರಿಗೆ 29 ದಿನ! ಎಕ್ಸೆಲ್ ಹುಟ್ಟಿದಾಗ ಜನಪ್ರಿಯವಾಗಿದ್ದ ಲೋಟಸ್ 1-2-3ರ ಫೈಲುಗಳ ಜೊತೆ ಹೊಂದಿಕೊಳ್ಳಲು ಅದರ ತಪ್ಪನ್ನೂ ಉಳಿಸಿಕೊಂಡದ್ದು. ಇಂದಿಗೂ ತಿದ್ದಿಲ್ಲ.

ಹಳೆಯ ಮ್ಯಾಕ್ ಎಕ್ಸೆಲ್ ಎಣಿಕೆ ಶುರುವಾಗುತ್ತಿದ್ದುದು 1904ರಿಂದ. ಅಲ್ಲಿನ ತಾರೀಖನ್ನು ಇಲ್ಲಿಗೆ ಅಂಟಿಸಿದರೆ 1462 ದಿನ ಮಾಯ.

ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಜೀನ್‌ಗಳಿದ್ದವು. ಎಕ್ಸೆಲ್ ಅವನ್ನು ತಾರೀಖು ಮಾಡಿ ಮಾಡಿ, ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಸೋತದ್ದು ವಿಜ್ಞಾನಿಗಳು!

1956-11-01 ಎಂದು ವರ್ಷ ಮುಂದಿಟ್ಟು ಬರೆದರೆ ಜಗಳವೇ ಇಲ್ಲ. ಐಎಸ್‌ಒ 8601 ಹೇಳುವುದೂ ಇದನ್ನೇ, 1988ರಿಂದ.

ಬೇಂದ್ರೆ ಹುಟ್ಟಿದ್ದು 31-01-1896. ಎಕ್ಸೆಲ್ ಪಂಚಾಂಗದಲ್ಲಿ 1900ಕ್ಕಿಂತ ಹಿಂದಿನ ದಿನಗಳೇ ಇಲ್ಲವಾದ್ದರಿಂದ ಯಾವ ದೇಶದ ಸೆಟಿಂಗ್ ಇದ್ದರೂ ವರಕವಿಗಳು ಅಕ್ಷರವಾಗಿಯೇ ಉಳಿಯುತ್ತಾರೆ. 29-12-1904ರ ಕುವೆಂಪು ಮಾತ್ರ ಭಾರತದ ಸೆಟಿಂಗ್‌ನಲ್ಲಿ 1825.